ಮಿಕ್ಸಿಯಿಂದ ಎಲೆಕ್ಟ್ರೋಡ್ ತನಕ: ಗ್ರಾಫೀನ್ ಮೇಲೆ ಎಂಜೈಮ್ ಕೂರಿಸಿದ ಹದಿನಾರು ತಿಂಗಳು

ಹೋದ ಶನಿವಾರ ನನ್ನ ಥೀಸಿಸ್‌ನ ನಾಲ್ಕನೇ ಅಧ್ಯಾಯಕ್ಕೆ ಗೈಡ್ ಸಹಿ ಹಾಕಿದರು. ಅದರಲ್ಲಿ ಇರುವುದು ಹನ್ನೊಂದು ಚಿತ್ರ, ಎರಡು ಪಟ್ಟಿ. 2024ರ ಜೂನ್‌ನಲ್ಲಿ ಶುರು ಮಾಡಿದ ಕೆಲಸ 2025ರ ಅಕ್ಟೋಬರ್‌ನಲ್ಲಿ ಮುಗಿಯಿತು. ಆ ಹದಿನಾರು ತಿಂಗಳಲ್ಲಿ ಮೂರು ತಿಂಗಳು ಎಂಜೈಮ್ ಬರುವುದನ್ನು ಕಾಯುವುದರಲ್ಲಿ ಹೋಯಿತು. ಇನ್ನೈದು ತಿಂಗಳು ಒಂದು ತಪ್ಪು ತಿಳುವಳಿಕೆಯಲ್ಲಿ ಹೋಯಿತು. ಆ ಐದು ತಿಂಗಳು ನನ್ನನ್ನು ತುಂಬಾ ನೋಯಿಸಿವೆ. ಈಗ ಇದೇ ಕೆಲಸ ಶುರು ಮಾಡುತ್ತಿರುವವರಿಗೆ ಅದು ಆಗಬಾರದು ಅಂತ ಮನಸ್ಸು ಬಿಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ಕೆಲಸ ಏನು ಅಂತ ಮೊದಲು ಹೇಳುತ್ತೇನೆ. ನಮ್ಮ ಅಪ್ಪನಿಗೆ ಶುಗರ್ ಬಂದು ಒಂಬತ್ತು ವರ್ಷವಾಯಿತು. ಬೆಳಿಗ್ಗೆ ಕಾಫಿಗೆ ಮೊದಲು ಬೆರಳು ಚುಚ್ಚಿ, ಹನಿ ರಕ್ತವನ್ನು ಸ್ಟ್ರಿಪ್ಪಿನ ತುದಿಗೆ ತಾಗಿಸುತ್ತಾರೆ. ತುದಿ ಅದನ್ನು ತಾನೇ ಹೀರಿಕೊಳ್ಳುತ್ತದೆ. ನಾಲ್ಕೈದು ಸೆಕೆಂಡಿನಲ್ಲಿ ಸಂಖ್ಯೆ ಬರುತ್ತದೆ. ಆ ಸ್ಟ್ರಿಪ್ ಒಳಗೆ ಒಂದು ಎಂಜೈಮ್ ಇದೆ. ಶಾಲೆಯಲ್ಲಿ ಕಿಣ್ವ ಅಂತ ಓದಿದ್ದೆವಲ್ಲ, ಅದೇ. ಕೆಲವು ಸ್ಟ್ರಿಪ್‌ಗಳಲ್ಲಿ ಗ್ಲೂಕೋಸ್ ಆಕ್ಸಿಡೇಸ್ ಇರುತ್ತದೆ, ಕೆಲವದರಲ್ಲಿ ಗ್ಲೂಕೋಸ್ ಡಿಹೈಡ್ರೋಜಿನೇಸ್. ಎಂಜೈಮ್ ಗ್ಲೂಕೋಸ್‌ನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಆ ಎಲೆಕ್ಟ್ರಾನ್ ಕೊನೆಗೆ ಎಲೆಕ್ಟ್ರೋಡ್‌ಗೆ ಮುಟ್ಟಿದಾಗ ಕರೆಂಟ್ ಬರುತ್ತದೆ. ಕರೆಂಟ್ ಎಷ್ಟು ಅಂತ ಅಳೆದರೆ ಗ್ಲೂಕೋಸ್ ಎಷ್ಟು ಅಂತ ಗೊತ್ತಾಗುತ್ತದೆ. 1962ರಲ್ಲಿ ಲೀಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಈ ದಾರಿ ತೋರಿಸಿದರು. ನಾವೆಲ್ಲ ಇವತ್ತಿಗೂ ಅದೇ ದಾರಿಯಲ್ಲಿ ನಡೆಯುತ್ತಿದ್ದೇವೆ.

ಎಂಜೈಮನ್ನು ಎಲೆಕ್ಟ್ರೋಡ್ ಮೇಲೆ ಸುಮ್ನೆ ಹಾಕಿದರೆ ನಿಲ್ಲುವುದಿಲ್ಲ, ತೊಳೆದು ಹೋಗುತ್ತದೆ. ಕೂರಲು ಒಂದು ಹಾಸು ಬೇಕು. ಕರೆಂಟನ್ನು ಚೆನ್ನಾಗಿ ದಾಟಿಸಬೇಕು, ಜಾಗ ಜಾಸ್ತಿ ಇರಬೇಕು, ಎಂಜೈಮನ್ನು ಕೆಡಿಸಬಾರದು. ಗ್ರಾಫೀನ್ ಬರುವುದು ಇಲ್ಲಿಯೇ. ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಇದೆಯಲ್ಲ, ಅದು ಹಾಳೆ ಹಾಳೆಯಾಗಿ ಜೋಡಿಸಿಟ್ಟ ಇಂಗಾಲ. ಆ ಹಾಳೆಗಳನ್ನು ದ್ರವದೊಳಗೆ ಬಿಡಿಸಿ, ಮತ್ತೆ ಒಂದಕ್ಕೊಂದು ಅಂಟದ ಹಾಗೆ ತೇಲಿಸಿ ಇಟ್ಟರೆ ಅದು ಗ್ರಾಫೀನ್ ಡಿಸ್ಪರ್ಷನ್. ನೋಡುವುದಕ್ಕೆ ಕಪ್ಪು ಶಾಯಿಯ ಹಾಗೆ ಇರುತ್ತದೆ.

ಬಿಡಿಸುವುದು ಹೇಗೆ ಅನ್ನುವುದೇ ಮೊದಲ ಪ್ರಶ್ನೆ. ಎನ್‌ಎಂಪಿ ಅನ್ನುವ ದ್ರಾವಕದಲ್ಲಿ ಸೋನಿಕೇಟ್ ಮಾಡಬಹುದು, ಅಂದರೆ ಶಬ್ದದ ಅಲೆಗಳಿಂದ ಅಲುಗಿಸಿ ಬಿಡಿಸಬಹುದು. ಆದರೆ ಅದು ಕುದಿಯುವುದು 202 ಡಿಗ್ರಿಗೆ. ಎಷ್ಟು ಒಣಗಿಸಿದರೂ ಸ್ವಲ್ಪ ಉಳಿದೇ ಉಳಿಯುತ್ತದೆ. ಹುಟ್ಟುವ ಮಗುವಿಗೆ ಹಾನಿ ಮಾಡಬಹುದು ಅಂತ ಬಾಟಲಿ ಮೇಲೇ ಎಚ್ಚರಿಕೆ ಇದೆ. ಸೋಪಿನಂಥ ಸರ್ಫ್ಯಾಕ್ಟಂಟ್ ಹಾಕಿ ನೀರಿನಲ್ಲೇ ಬಿಡಿಸಬಹುದು. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ಜೊನಾಥನ್ ಕೋಲ್ಮನ್ ಅವರ ತಂಡ 2014ರಲ್ಲಿ ಅಡುಗೆಮನೆಯ ಬ್ಲೆಂಡರ್, ಪಾತ್ರೆ ತೊಳೆಯುವ ಲಿಕ್ವಿಡ್ ಇಟ್ಟುಕೊಂಡೇ ಇದನ್ನು ಮಾಡಿ ತೋರಿಸಿತು. ಆದರೆ ನಮಗೆ ಸೋಪು ಶತ್ರು. ಎಸ್‌ಡಿಎಸ್ ತರಹದ ಸರ್ಫ್ಯಾಕ್ಟಂಟ್ ಉಳಿದರೆ ಎಂಜೈಮಿನ ಮಡಿಕೆಗಳೇ ಬಿಚ್ಚಿಹೋಗುತ್ತವೆ. ಮೂರನೇ ದಾರಿ ಪ್ರೋಟೀನ್. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಚಲ್ಲಾ ವಿ. ಕುಮಾರ್ ಅವರ ತಂಡ 2015ರಲ್ಲಿ ದನದ ರಕ್ತದಿಂದ ಬರುವ ಬಿಎಸ್‌ಎ ಪ್ರೋಟೀನ್ ಹಾಕಿ, ಬ್ಲೆಂಡರ್‌ನಲ್ಲೇ ಗ್ರಾಫೀನ್ ಬಿಡಿಸಿತು. ಓದಿದ ದಿನವೇ ನನಗೆ ಇದೇ ಸರಿ ಅನಿಸಿತು. ಪ್ರೋಟೀನ್ ಮೇಲೆ ಪ್ರೋಟೀನ್ ಕೂರುವುದು ಸಹಜ ಅಲ್ವಾ?

ಮೊದಲ ಅಡ್ಡಿ ಬಂದಿದ್ದು ಪ್ರಯೋಗದಲ್ಲಲ್ಲ, ಕಾಗದದಲ್ಲಿ.

2024ರಲ್ಲಿ ನಮ್ಮ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಏನೇ ಕೊಳ್ಳಬೇಕಾದರೂ ಮೊದಲು ಜೆಮ್ ಅನ್ನುವ ಸರ್ಕಾರಿ ಖರೀದಿ ಪೋರ್ಟಲ್‌ನಲ್ಲಿ ಹುಡುಕಬೇಕಿತ್ತು. ಅಲ್ಲಿ ಇಲ್ಲದಿದ್ದರೆ ‘ಸಿಗುತ್ತಿಲ್ಲ’ ಅನ್ನುವ ವರದಿಯನ್ನು ಅಲ್ಲಿಂದಲೇ ತೆಗೆದು ಫೈಲಿಗೆ ಹಾಕಬೇಕಿತ್ತು. ಆಮೇಲೆ ಮೂರು ಕೊಟೇಶನ್, ತುಲನಾ ಪಟ್ಟಿ, ಗೈಡ್ ಸಹಿ, ವಿಭಾಗದ ಮುಖ್ಯಸ್ಥರ ಸಹಿ, ಖರೀದಿ ಸಮಿತಿ. ನನ್ನ ಫೈಲ್ ಜುಲೈ ಮೂರನೇ ವಾರದಲ್ಲಿ ಸಮಿತಿಯ ಮುಂದೆ ಹೋಯಿತು. ಅಷ್ಟರಲ್ಲಿ 2024ರ ಜುಲೈ 23ರ ಬಜೆಟ್ ಬಂತು. ಹೊರಗಿನಿಂದ ತರಿಸುವ ಲ್ಯಾಬ್ ಕೆಮಿಕಲ್‌ಗಳ ಕಸ್ಟಮ್ಸ್ ಸುಂಕ ಶೇಕಡಾ 10ರಿಂದ 150ಕ್ಕೆ ಏರಿತು. ಮಾರನೇ ದಿನವೇ ಡೀಲರ್ ಫೋನ್ ಮಾಡಿ, ‘ಹಳೇ ಕೊಟೇಶನ್ ನಡೆಯಲ್ಲ, ಹೊಸದು ಈಗ ಕೊಡೋಕಾಗಲ್ಲ’ ಅಂದರು. ಅವತ್ತು ಲ್ಯಾಬಿನಲ್ಲಿ ಯಾರಿಗೂ ಕೆಲಸ ಮಾಡುವ ಮನಸ್ಸೇ ಬರಲಿಲ್ಲ. ದೇಶದ ತುಂಬ ಸಂಶೋಧಕರು ದೂರಿದ ಮೇಲೆ ಆಗಸ್ಟ್ ಮೊದಲ ದಿನಗಳಲ್ಲಿ ಸುಂಕ ಮತ್ತೆ 10ಕ್ಕೆ ಇಳಿಯಿತು. ಆದರೆ ಷರತ್ತು ಬಂತು. ಇದು ನಮ್ಮ ಪ್ರಯೋಗಕ್ಕೆ ಮಾತ್ರ, ಮಾರುವುದಕ್ಕಲ್ಲ ಅಂತ ಸಂಸ್ಥೆಯಿಂದ ಬರೆದುಕೊಡಬೇಕು.

ಹಿಂದೆ ಬರುವವರಿಗೆ ಒಂದು ಮಾತು. ಆ ಘೋಷಣಾ ಪತ್ರವನ್ನು ಲೆಟರ್‌ಹೆಡ್ ಮೇಲೆ ಮೊದಲೇ ಮಾಡಿಸಿಕೊಂಡು ನಾಲ್ಕು ಪ್ರತಿ ಇಟ್ಟುಕೊಳ್ಳಿ. ಕೊಟೇಶನ್ ಎಷ್ಟು ದಿನ ನಡೆಯುತ್ತದೆ ಅಂತ ನೋಡಿ. ನನ್ನದು ಮೂವತ್ತು ದಿನದ್ದು, ಸಮಿತಿ ಸೇರುವಷ್ಟರಲ್ಲಿ ಮುಗಿದುಹೋಗಿತ್ತು. ತೊಂಬತ್ತು ದಿನದ್ದು ಕೇಳಿದರೆ ಹೆಚ್ಚಿನವರು ಕೊಡುತ್ತಾರೆ. ಜಿಎಸ್‌ಟಿ ಸೇರಿಸಿದ ಮೊತ್ತವನ್ನೇ ಬಜೆಟ್‌ನಲ್ಲಿ ಬರೆಯಿರಿ. ನಾನು ಸೇರಿಸದೆ ಬರೆದು, ಕೊನೆಗೆ ನಾಲ್ಕು ಸಾವಿರದಷ್ಟು ಕೈಯಿಂದ ಹಾಕಿದೆ.

ಎಂಜೈಮ್ ಬಂದಿದ್ದು ಸೆಪ್ಟೆಂಬರ್ ಕೊನೆಗೆ. ಆಸ್ಪರ್ಜಿಲಸ್ ನೈಜರ್ ಅನ್ನುವ ಬೂಷ್ಟಿನಿಂದ (ಶಿಲೀಂಧ್ರದಿಂದ) ತೆಗೆದ ಗ್ಲೂಕೋಸ್ ಆಕ್ಸಿಡೇಸ್, ತಿಳಿ ಹಳದಿ ಪುಡಿ, ಮೈನಸ್ 20 ಡಿಗ್ರಿಯಲ್ಲಿ ಇಡಬೇಕಾದ್ದು. ಪಾರ್ಸೆಲ್ ಶುಕ್ರವಾರ ಸಂಜೆ ಊರಿಗೆ ಬಂದು, ಕೊರಿಯರ್‌ನವರ ಗೋಡೌನಿನಲ್ಲಿ ಸೋಮವಾರದ ತನಕ ಕೂತಿತ್ತು. ಡಬ್ಬಿ ಬಿಚ್ಚಿದಾಗ ಒಳಗಿನ ಜೆಲ್ ಪ್ಯಾಕ್ ಪೂರ್ತಿ ಕರಗಿ ಬೆಚ್ಚಗಿತ್ತು. ಮೂರು ತಿಂಗಳು ಕಾದು ತರಿಸಿದ ವಸ್ತು. ಕೈ ನಡುಗಿತು. ಆಗ ನಮ್ಮ ಸೀನಿಯರ್ ಅಕ್ಕ, ‘ಅಳೋದು ಆಮೇಲೆ, ಮೊದಲು ಚಟುವಟಿಕೆ ನೋಡು’ ಅಂದರು. ಬಣ್ಣ ಬರಿಸುವ ಎಬಿಟಿಎಸ್ ಅನ್ನುವ ರಾಸಾಯನಿಕ ಮತ್ತು ಪೆರಾಕ್ಸಿಡೇಸ್ ಅನ್ನುವ ಇನ್ನೊಂದು ಎಂಜೈಮ್ ಹಾಕಿ ಪರೀಕ್ಷೆ ಮಾಡಿದೆವು. ಗ್ಲೂಕೋಸ್ ಬಿದ್ದ ಕೂಡಲೇ ಕ್ಯುವೆಟ್ಟಿನಲ್ಲಿ (ಅಳೆಯುವ ಪುಟ್ಟ ಪಾರದರ್ಶಕ ಕೊಳವೆಯಲ್ಲಿ) ಹಸಿರು ಬಣ್ಣ ಮೇಲೆದ್ದಿತು. ಸೀಸೆಯ ಮೇಲೆ ಬರೆದದ್ದಕ್ಕಿಂತ ಸ್ವಲ್ಪ ಕಡಿಮೆ ಬಂತು, ಆದರೆ ಬದುಕಿತ್ತು. ಒಣ ಪುಡಿ ಎರಡು ದಿನದ ಸೆಕೆಯನ್ನು ತಡೆದುಕೊಂಡಿತ್ತು.

ಎಂಜೈಮ್ ಬಂದ ದಿನವೇ ಚಟುವಟಿಕೆ ಅಳೆದು ತಾರೀಖಿನ ಜೊತೆ ಬರೆದಿಡಿ. ನಾನು ಆಮೇಲೆ ಪ್ರತಿ ತಿಂಗಳು ಅಳೆದೆ. ಏನೋ ಕೆಟ್ಟಾಗ ಎಂಜೈಮ್ ಕೆಟ್ಟಿತಾ, ಎಲೆಕ್ಟ್ರೋಡ್ ಕೆಟ್ಟಿತಾ ಅಂತ ತಿಳಿಯಲು ಇದೊಂದೇ ದಾರಿ. ಇನ್ನೊಂದು, ಆರ್ಡರ್ ಕೊಡುವಾಗಲೇ ಸೋಮವಾರ ಅಥವಾ ಮಂಗಳವಾರ ಕಳಿಸಿ ಅಂತ ಬರೆಯಿರಿ.

ಅಕ್ಟೋಬರ್‌ನಲ್ಲಿ ಮಿಕ್ಸಿ ಕೆಲಸ ಶುರುವಾಯಿತು. ಲ್ಯಾಬಿಗೆ ಅಂತಲೇ 750 ವಾಟಿನ ಮಿಕ್ಸಿ ತಂದೆವು, ಮೂರು ಸಾವಿರದ ಚಿಲ್ಲರೆ. ಜಾರ್ ಮೇಲೆ ‘ಅಡುಗೆಗೆ ಅಲ್ಲ’ ಅಂತ ಚೀಟಿ ಅಂಟಿಸಿದೆವು. 300 ಮಿಲಿ ನೀರಿಗೆ 30 ಗ್ರಾಂ ಗ್ರಾಫೈಟ್, ಒಂದು ಗ್ರಾಂ ಬಿಎಸ್‌ಎ. ಮೊದಲ ದಿನ ಎರಡು ನಿಮಿಷ ತಿರುಗಿಸಿ ಮುಚ್ಚಳ ತೆಗೆದರೆ ಜಾರ್ ತುಂಬ ಬೂದು ನೊರೆ. ಮೊಸರು ಕಡೆದಾಗ ಬೆಣ್ಣೆ ಮೇಲೆ ನಿಲ್ಲುವ ಹಾಗೆ ನಿಂತಿತ್ತು. ಕೆಳಗಿನ ನೀರಿನಲ್ಲಿ ಗ್ರಾಫೈಟ್ ಹಾಗೇ ಮುಳುಗಿತ್ತು. ಪ್ರೋಟೀನ್‌ಗೆ ಗಾಳಿ ಸಿಕ್ಕರೆ ಅದು ನೊರೆಗೆ ಹೋಗಿ ಅಲ್ಲೇ ಕೆಡುತ್ತದೆ. ಹಾಳೆ ಬಿಡಿಸಲು ಉಳಿಯುವುದೇ ಇಲ್ಲ. ನಾಲ್ಕು ದಿನ ಇದರಲ್ಲೇ ಕಳೆಯಿತು. ಕೊನೆಗೆ ದಾರಿ ಹೊಳೆದದ್ದು ಅಮ್ಮನ ಮಾತಿನಿಂದ. ಫೋನಿನಲ್ಲಿ ಹೇಳಿಕೊಂಡಾಗ, ‘ಚಿಕ್ಕ ಜಾರ್‌ಗೆ ಹಾಕಿ ಕಂಠದ ತನಕ ತುಂಬಿಸು, ಗಾಳಿ ಇಲ್ಲದಿದ್ದರೆ ನೊರೆ ಎಲ್ಲಿಂದ ಬರುತ್ತೆ’ ಅಂದಳು. ಹಾಗೇ ಮಾಡಿದೆ. ಚಟ್ನಿ ಜಾರ್‌ಗೆ ಅಂಚಿನ ತನಕ ತುಂಬಿ, ಮುಚ್ಚಳದಡಿ ಒಂದು ಗುಳ್ಳೆಯೂ ಉಳಿಯದ ಹಾಗೆ ಮುಚ್ಚಿ ತಿರುಗಿಸಿದೆ. ನೊರೆ ಹೆಚ್ಚುಕಡಿಮೆ ನಿಂತೇಹೋಯಿತು.

ಎರಡನೇ ತೊಂದರೆ ಬಿಸಿ. ಮಿಕ್ಸಿ ಎರಡೇ ನಿಮಿಷಕ್ಕೆ ಜಾರನ್ನು ಬೆಚ್ಚಗೆ ಮಾಡುತ್ತದೆ. ಎರಡು ನಿಮಿಷ ತಿರುಗಿಸು, ಹತ್ತು ನಿಮಿಷ ಐಸಿನಲ್ಲಿ ಇಡು, ಮತ್ತೆ ತಿರುಗಿಸು. ತಿರುಗುವ ಹೊತ್ತು ಒಟ್ಟು ನಲವತ್ತು ನಿಮಿಷ ಬೇಕಾದರೆ ನಾಲ್ಕು ಗಂಟೆ ಹಿಡಿಯುತ್ತದೆ. ಕಿವಿಗೆ ಹತ್ತಿ ಇಟ್ಟುಕೊಳ್ಳಿ. ಗ್ರಾಫೈಟ್ ಪುಡಿ ತೂಗುವಾಗ ಮಾಸ್ಕ್ ಕಡ್ಡಾಯ. ಉಗುರಿನ ಸಂದಿಯ ಕಪ್ಪು ಮೂರು ದಿನ ಹೋಗುವುದಿಲ್ಲ. ಆಮೇಲೆ ರಾತ್ರಿ ಅಲುಗಿಸದೆ ಇಟ್ಟು, ಮೇಲಿನ ಕಪ್ಪು ನೀರನ್ನು ಮಾತ್ರ ತೆಗೆದು, ಸೆಂಟ್ರಿಫ್ಯೂಜ್‌ನಲ್ಲಿ ನಿಧಾನ ವೇಗಕ್ಕೆ ಮುಕ್ಕಾಲು ಗಂಟೆ ಇಟ್ಟೆ. ದಪ್ಪ ಕಣಗಳು ಕೆಳಗೆ ಕೂತವು. ಇಲ್ಲಿ ಆರ್‌ಪಿಎಂ ಅಲ್ಲ, ಜಿ ಎಷ್ಟು, ಅಂದರೆ ಭೂಮಿಯ ಸೆಳೆತದ ಎಷ್ಟು ಪಟ್ಟು ಬಲ, ಅಂತ ಬರೆದಿಡಿ. ನಮ್ಮ ಸೆಂಟ್ರಿಫ್ಯೂಜ್ ಡಿಸೆಂಬರ್‌ನಲ್ಲಿ ಕೆಟ್ಟು, ಪಕ್ಕದ ವಿಭಾಗದ್ದನ್ನು ಬಳಸಬೇಕಾಯಿತು. ರೋಟರ್ ಬೇರೆ, ಅದೇ ಆರ್‌ಪಿಎಂಗೆ ಬೇರೆಯೇ ಗ್ರಾಫೀನ್ ಬಂತು.

ಸಿಕ್ಕಿದ್ದು ನಿಜವಾಗಲೂ ಗ್ರಾಫೀನಾ, ಇಲ್ಲಾ ಗ್ರಾಫೈಟಿನ ಸಣ್ಣ ಪುಡಿಯಾ ಅಂತ ತಿಳಿಯಲು ರಾಮನ್ ಸ್ಪೆಕ್ಟ್ರಮ್ ಬೇಕು, ಅಂದರೆ ಲೇಸರ್ ಬಿಟ್ಟು ಚದುರಿ ಬರುವ ಬೆಳಕನ್ನು ಅಳೆಯುವ ಪರೀಕ್ಷೆ. ರಾಮನ್ ಅವರು ಕೆಲಸ ಮಾಡಿದ ಬೆಂಗಳೂರು ಇಷ್ಟು ಹತ್ತಿರ ಇದ್ದರೂ ನಮ್ಮ ವಿಭಾಗದಲ್ಲಿ ಆ ಯಂತ್ರ ಇಲ್ಲ. ಐ-ಸ್ಟೆಮ್ ಅನ್ನುವ ರಾಷ್ಟ್ರೀಯ ಪೋರ್ಟಲ್ 2020ರಿಂದ ಇದೆ. ದೇಶದ ಯಾವ ಸಂಸ್ಥೆಯಲ್ಲಿ ಯಾವ ಯಂತ್ರ ಇದೆ ಅಂತ ಅಲ್ಲಿ ನೋಡಿ, ಸ್ಲಾಟ್ ಬುಕ್ ಮಾಡಬಹುದು. ವಿದ್ಯಾರ್ಥಿ ಗುರುತಿನ ಚೀಟಿ, ಗೈಡ್ ಪತ್ರ, ಸ್ಯಾಂಪಲ್ ವಿವರದ ಫಾರಂ ಬೇಕು. ನನಗೆ ಸ್ಲಾಟ್ ಸಿಗಲು ಹತ್ತೊಂಬತ್ತು ದಿನ ಆಯಿತು. ಆರು ಸ್ಯಾಂಪಲ್‌ಗೆ ಬಸ್ ಚಾರ್ಜೂ ಸೇರಿ ಮೂರು ಸಾವಿರದ ಹತ್ತಿರ ಖರ್ಚು. ಸ್ಯಾಂಪಲನ್ನು ಮೊದಲೇ ಗಾಜಿನ ಚೂರಿನ ಮೇಲೆ ಒಣಗಿಸಿ, ಸಡಿಲ ಪ್ರೋಟೀನ್ ತೊಳೆದುಕೊಂಡು ಹೋಗಿ. ನಾನು ತೊಳೆಯದೆ ಒಯ್ದ ಎರಡು ಸ್ಯಾಂಪಲ್‌ಗಳಲ್ಲಿ ಹಿನ್ನೆಲೆ ಬೆಳಕೇ ಎಲ್ಲವನ್ನೂ ನುಂಗಿತು. ಉಳಿದ ನಾಲ್ಕರಲ್ಲಿ ಗ್ರಾಫಿನ ಮೇಲೆ 1350, 1580, 2700ರ (ಸೆಂ.ಮೀ.⁻¹) ಹತ್ತಿರ ಮೂರು ಗುರುತುಗಳು ಚೆನ್ನಾಗಿ ಬಂದವು. ಕೊನೆಯದರ ಆಕಾರ ನೋಡಿ ಅಲ್ಲಿನ ತಂತ್ರಜ್ಞರು ‘ಕೆಲವೇ ಪದರ ಇವೆ, ಚೆನ್ನಾಗಿದೆ’ ಅಂದರು. ವಾಪಸ್ ಬರುವ ಬಸ್ಸಿನಲ್ಲಿ ಆ ಪ್ರಿಂಟ್‌ಔಟನ್ನು ಎಷ್ಟು ಸಲ ತೆಗೆದು ನೋಡಿದೆನೋ.

ಜನವರಿಯಲ್ಲಿ ಎಂಜೈಮ್ ಕೂರಿಸಲು ಹೊರಟೆ. ಕೂರಲೇ ಇಲ್ಲ.

ಕಪ್ಪು ಡಿಸ್ಪರ್ಷನ್‌ಗೆ ಎಂಜೈಮ್ ಹಾಕಿ, ಒಂದು ಗಂಟೆ ಬಿಟ್ಟು, ಜೋರಾಗಿ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿನೀರಿನಲ್ಲಿ ಎಷ್ಟು ಉಳಿದಿದೆ ಅಂತ ನೋಡುವುದು ಕ್ರಮ. ಮೊದಲು ಬ್ರಾಡ್‌ಫೋರ್ಡ್ ಪರೀಕ್ಷೆ ಮಾಡಿದೆ, ಒಟ್ಟು ಪ್ರೋಟೀನ್ ಎಷ್ಟಿದೆ ಅಂತ ಹೇಳುವುದು ಅದು. ಹಾಕಿದ್ದಕ್ಕಿಂತ ಜಾಸ್ತಿ ಪ್ರೋಟೀನ್ ತೋರಿಸಿತು! ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ಬಿಎಸ್‌ಎ ಕೂಡ ಪ್ರೋಟೀನೇ. ಗ್ರಾಫೀನ್‌ನಿಂದ ಕಳಚಿಕೊಂಡ ಬಿಎಸ್‌ಎಯನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಇಲ್ಲಿ ಎಂಜೈಮಿನ ಚಟುವಟಿಕೆಯನ್ನೇ ಅಳೆಯಬೇಕು, ಅದೇ ಎಬಿಟಿಎಸ್ ಹಸಿರು. ಹಾಗೆ ಅಳೆದಾಗ ಹಾಕಿದ ಎಂಜೈಮ್ ಹೆಚ್ಚುಕಡಿಮೆ ಎಲ್ಲವೂ ತಿಳಿನೀರಿನಲ್ಲೇ ಇತ್ತು.

ಕಾರಣ ಸರಳ, ಆದರೆ ಮೊದಲೇ ಯೋಚಿಸಿರಲಿಲ್ಲ. ಪ್ರತಿ ಪ್ರೋಟೀನ್‌ಗೂ ಅದರ ಒಟ್ಟು ಚಾರ್ಜ್ ಸೊನ್ನೆಯಾಗುವ ಒಂದು ಪಿಎಚ್ ಇರುತ್ತದೆ. ಬಿಎಸ್‌ಎಗೆ ಅದು ಸುಮಾರು 4.7, ಗ್ಲೂಕೋಸ್ ಆಕ್ಸಿಡೇಸ್‌ಗೆ ಸುಮಾರು 4.2. ನಾನು ಕೆಲಸ ಮಾಡುತ್ತಿದ್ದದ್ದು ಪಿಎಚ್ 7ರಲ್ಲಿ. ಅಲ್ಲಿ ಎರಡೂ ಋಣ ಚಾರ್ಜಿನವು, ಒಂದನ್ನೊಂದು ತಳ್ಳುತ್ತವೆ. ಪ್ರೋಟೀನ್ ಮೇಲೆ ಪ್ರೋಟೀನ್ ಕೂರುತ್ತದೆ ಅನ್ನುವ ನನ್ನ ಸಹಜ ಲೆಕ್ಕ ಅಲ್ಲಿಗೆ ಮುಗಿಯಿತು.

ಪರಿಹಾರ ಬಿಎಸ್‌ಎಯ ಚಾರ್ಜನ್ನೇ ತಿರುಗಿಸುವುದು. ಅದರ ಮೈಮೇಲಿನ ಆಮ್ಲದ ಗುಂಪುಗಳಿಗೆ ಇಡಿಸಿ ಅನ್ನುವ ರಾಸಾಯನಿಕದಿಂದ ಅಮೈನ್‌ಗಳನ್ನು ಜೋಡಿಸಿದರೆ ಅದು ಧನ ಚಾರ್ಜಿನ ಬಿಎಸ್‌ಎ ಆಗುತ್ತದೆ. ಕನೆಕ್ಟಿಕಟ್‌ನವರೂ ಇದನ್ನು ಬಳಸಿದ್ದಾರೆ. ಇಡಿಸಿ ತೇವ ಹೀರಿ ಬೇಗ ಹಾಳಾಗುತ್ತದೆ. ಫ್ರೀಜರ್‌ನಿಂದ ತೆಗೆದ ಸೀಸೆ ರೂಮಿನ ಬಿಸಿಗೆ ಬರುವ ತನಕ ಮುಚ್ಚಳ ತೆಗೆಯಬೇಡಿ. ಜೋಡಿಸಿದ ಮೇಲೆ ಎರಡು ದಿನ ಡಯಾಲಿಸಿಸ್, ಅಂದರೆ ಪ್ರೋಟೀನನ್ನು ಸಣ್ಣ ರಂಧ್ರದ ಚೀಲದಲ್ಲಿಟ್ಟು, ಉಳಿದ ಸಣ್ಣ ರಾಸಾಯನಿಕಗಳನ್ನು ನೀರಿಗೆ ಬಿಡಿಸುವುದು. ಆರು ಗಂಟೆಗೊಮ್ಮೆ ನೀರು ಬದಲಾಯಿಸಲು ರಾತ್ರಿ ಹನ್ನೊಂದಕ್ಕೆ ಹಾಸ್ಟೆಲ್‌ನಿಂದ ಲ್ಯಾಬಿಗೆ ನಡೆದು ಹೋಗುತ್ತಿದ್ದೆ. ಸೆಕ್ಯುರಿಟಿ ಅಣ್ಣ ಗೇಟ್ ತೆಗೆದು, ‘ಇವತ್ತೂ ನೀರು ಬದಲಾಯಿಸಬೇಕಾ ಮೇಡಂ’ ಅನ್ನುತ್ತಿದ್ದರು. ಹೊಸ ಬಿಎಸ್‌ಎಯಿಂದ ಮತ್ತೆ ಮಿಕ್ಸಿ, ಮತ್ತೆ ಐಸು. ಫೆಬ್ರವರಿ ಕೊನೆಗೆ ತಿಳಿನೀರಿಗೆ ಎಬಿಟಿಎಸ್ ಹಾಕಿದೆ. ಹಸಿರು ಬರಲೇ ಇಲ್ಲ. ಅಷ್ಟೂ ಎಂಜೈಮ್ ಕೆಳಗಿನ ಕಪ್ಪಿನಲ್ಲಿತ್ತು. ಬಣ್ಣ ಬಾರದ ಕ್ಯುವೆಟ್ ನೋಡಿ ಅಷ್ಟು ಸಂತೋಷ ಪಟ್ಟಿದ್ದು ಅದೇ ಮೊದಲು.

ಬರೀ ಚಾರ್ಜಿನ ಹಿಡಿತ ಉಪ್ಪಿಗೆ ಸಡಿಲವಾಗುತ್ತದೆ ಅನ್ನುವುದೂ ತಿಳಿದಿರಲಿ. ಉಪ್ಪು ಜಾಸ್ತಿ ಇರುವ ಬಫರ್‌ನಲ್ಲಿ ಎಂಜೈಮ್ ಮೆಲ್ಲಗೆ ಬಿಟ್ಟುಕೊಂಡಿತು. ಗ್ಲುಟರಾಲ್ಡಿಹೈಡ್‌ನಿಂದ (ಪ್ರೋಟೀನ್‌ಗಳನ್ನು ಒಂದಕ್ಕೊಂದು ಕಟ್ಟುವ ರಾಸಾಯನಿಕ) ಲಘುವಾಗಿ ಹೊಲಿಗೆ ಹಾಕಬೇಕಾಯಿತು. ಅದು ತುಸು ಜಾಸ್ತಿಯಾದರೂ ಎಂಜೈಮ್ ಸಾಯುತ್ತದೆ.

ಎಲೆಕ್ಟ್ರೋಡ್ ಮೇಲೆ ಹಚ್ಚುವುದರ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 3 ಮಿಲಿಮೀಟರ್ ಅಗಲದ ಗ್ಲಾಸಿ ಕಾರ್ಬನ್ ಎಲೆಕ್ಟ್ರೋಡ್ ನಮ್ಮಲ್ಲಿ ಎರಡೇ ಇದ್ದವು, ಆರು ಜನಕ್ಕೆ. ಪ್ರತಿ ಸಲ ಅಲ್ಯುಮಿನಾ ಪುಡಿಯಲ್ಲಿ, ಮೊದಲು 1, ಆಮೇಲೆ 0.3, ಕೊನೆಗೆ 0.05 ಮೈಕ್ರಾನ್, ಬಟ್ಟೆಯ ಮೇಲೆ ಇಂಗ್ಲಿಷಿನ ಎಂಟರ ಆಕಾರದಲ್ಲಿ ಉಜ್ಜಬೇಕು. ಫೆರಿಸೈನೈಡ್‌ನಲ್ಲಿ ವೋಲ್ಟೇಜ್ ಏರಿಸಿ ಇಳಿಸಿ ಕರೆಂಟ್ ಪರೀಕ್ಷಿಸಿ, ಗ್ರಾಫಿನ ಎರಡು ಪೀಕ್‌ಗಳ (ಶಿಖರಗಳ) ಅಂತರ 80 ಮಿಲಿವೋಲ್ಟ್ ಒಳಗೆ ಬರುವ ತನಕ ಉಜ್ಜುತ್ತಿದ್ದೆ. 5 ಮೈಕ್ರೊಲೀಟರ್ ಹನಿ ಬಿಟ್ಟು ಫ್ಯಾನ್ ಕೆಳಗೆ ಒಣಗಿಸಿದರೆ ಚೆಲ್ಲಿದ ಕಾಫಿ ಒಣಗಿದ ಹಾಗೆ ಅಂಚಿನಲ್ಲಿ ಕಪ್ಪು ಬಳೆ, ನಡುವೆ ಖಾಲಿ. ಫ್ರಿಜ್ಜಿನಲ್ಲಿ, ಒದ್ದೆ ಟಿಶ್ಯೂ ಇಟ್ಟ ಡಬ್ಬಿಯೊಳಗೆ ರಾತ್ರಿಯಿಡೀ ನಿಧಾನವಾಗಿ ಒಣಗಿಸಿದರೆ ಸಮನಾಗಿ ಕೂರುತ್ತದೆ.

ಈಗ ಆ ಐದು ತಿಂಗಳ ವಿಷಯ.

ಮಾರ್ಚ್ ಮೊದಲ ವಾರ. ದ್ರಾವಣಕ್ಕೆ ಅರ್ಧ ಗಂಟೆ ನೈಟ್ರೋಜನ್ ಬಿಟ್ಟು ಆಮ್ಲಜನಕ ಓಡಿಸಿ, ಹಾಗೇ ವೋಲ್ಟೇಜ್ ಏರಿಸಿ ಇಳಿಸಿ ಕರೆಂಟ್ ಅಳೆಯುವ ಸೈಕ್ಲಿಕ್ ವೋಲ್ಟಾಮೆಟ್ರಿ ಮಾಡಿದೆ. ಮೈನಸ್ 0.45 ವೋಲ್ಟ್ ಹತ್ತಿರ ಎರಡು ಚಂದದ ಪೀಕ್ ಬಂದವು, ಮೇಲೊಂದು, ಕೆಳಗೊಂದು, ಕನ್ನಡಿ ಹಿಡಿದ ಹಾಗೆ. ಎಂಜೈಮಿನ ಹೊಟ್ಟೆಯಲ್ಲಿ ಎಫ್‌ಎಡಿ ಅನ್ನುವ ಭಾಗ ಇದೆ. ಗ್ಲೂಕೋಸ್‌ನಿಂದ ಎಲೆಕ್ಟ್ರಾನ್ ತೆಗೆದುಕೊಳ್ಳುವುದು ಅದೇ. ಅದರ ಪೀಕ್ ಬರುವುದು ಇದೇ ಜಾಗದಲ್ಲಿ. ಹಾಗಾದರೆ ನನ್ನ ಎಂಜೈಮ್ ಗ್ರಾಫೀನ್‌ಗೆ ಎಲೆಕ್ಟ್ರಾನನ್ನು ನೇರವಾಗಿ ಕೊಡುತ್ತಿದೆ! ಓದಿದ ಹತ್ತಾರು ಪ್ರಬಂಧಗಳಲ್ಲಿ ಇದೇ ಪೀಕ್ ತೋರಿಸಿ ಇದನ್ನೇ ಬರೆದಿದ್ದರು. ಸಂಜೆ ಲ್ಯಾಬಿಗೆಲ್ಲ ಮೈಸೂರು ಪಾಕ್ ತಂದು ಹಂಚಿದೆ. ಅಪ್ಪನಿಗೆ ಫೋನ್ ಮಾಡಿ, ‘ಬಂತು ಅಪ್ಪಾ’ ಅಂದೆ.

ಆಮೇಲಿನ ತಿಂಗಳುಗಳೆಲ್ಲ ಆ ಪೀಕನ್ನು ದೊಡ್ಡದು ಮಾಡುವುದರಲ್ಲೇ ಹೋದವು. ಪಿಎಚ್ ಬದಲಿಸಿದೆ, ವೇಗ ಬದಲಿಸಿದೆ, ಪದರ ಹೆಚ್ಚಿಸಿದೆ. ಎಲ್ಲ ಗ್ರಾಫೂ ಚಂದ ಬಂದವು. ಜುಲೈನಲ್ಲಿ ವಾರ್ಷಿಕ ಪ್ರಗತಿ ಪರಿಶೀಲನೆಗೆ ಹೊರಗಿನಿಂದ ಬಂದ ಪ್ರೊಫೆಸರ್ ಮೇಡಂ ಎಲ್ಲ ಸ್ಲೈಡ್ ನೋಡಿ ಒಂದೇ ಪ್ರಶ್ನೆ ಕೇಳಿದರು. ‘ನೈಟ್ರೋಜನ್ ಇರುವಾಗ ಗ್ಲೂಕೋಸ್ ಹಾಕಿದ್ರಾ? ಏನಾಯ್ತು?’ ನಾನು ಆಮ್ಲಜನಕ ಇರುವಾಗ ಹಾಕಿದ್ದೆ. ಪೀಕ್ ಕಡಿಮೆಯಾಗಿತ್ತು. ಅದನ್ನೇ ಎಂಜೈಮ್ ಕೆಲಸ ಮಾಡುತ್ತಿರುವ ಗುರುತು ಅಂದುಕೊಂಡಿದ್ದೆ. ಅವರು ಬೇಸರವಿಲ್ಲದೆ ಬಿಡಿಸಿ ಹೇಳಿದರು. ಗ್ಲೂಕೋಸ್ ಹಾಕಿದಾಗ ಎಂಜೈಮ್ ಅಲ್ಲಿನ ಆಮ್ಲಜನಕವನ್ನು ತಿಂದುಹಾಕುತ್ತದೆ, ಅದಕ್ಕೇ ಆಮ್ಲಜನಕದ ಕರೆಂಟ್ ಇಳಿಯುತ್ತದೆ. ಅದರಿಂದ ಎಲೆಕ್ಟ್ರೋಡ್‌ಗೆ ನೇರವಾಗಿ ಎಲೆಕ್ಟ್ರಾನ್ ಬಂತು ಅಂತ ಆಗುವುದಿಲ್ಲ. ನೇರವಾಗಿ ಬರುವುದಾದರೆ, ಆಮ್ಲಜನಕ ಇಲ್ಲದಾಗ ಗ್ಲೂಕೋಸ್ ಹಾಕಿದ ಕೂಡಲೇ ಆಕ್ಸಿಡೇಷನ್ ಕರೆಂಟ್ ಏರಬೇಕು.

ಅವತ್ತು ಮಧ್ಯಾಹ್ನವೇ ಮಾಡಿದೆ. ಕರೆಂಟ್ ಏರಲಿಲ್ಲ. ಎರಡು ಗೆರೆಗಳು ಒಂದರ ಮೇಲೊಂದು ಅಂಟಿಕೊಂಡು ಕೂತವು.

ಮಾರನೇ ದಿನ ಇನ್ನೂ ಎರಡು ಪ್ರಯೋಗ ಮಾಡಿದೆ. ಕುದಿಸಿ ಸಾಯಿಸಿದ ಎಂಜೈಮ್ ಹಚ್ಚಿದೆ, ಪೀಕ್ ಹಾಗೇ ಬಂತು. ಎಂಜೈಮೇ ಇಲ್ಲದೆ ಬರೀ ಎಫ್‌ಎಡಿ ಹಚ್ಚಿದೆ, ಅದೇ ಜಾಗದಲ್ಲಿ ಅದೇ ಪೀಕ್. ಐದು ತಿಂಗಳು ನಾನು ನೋಡುತ್ತಿದ್ದದ್ದು ಎಂಜೈಮಿನಿಂದ ಕಳಚಿ ಗ್ರಾಫೀನ್‌ಗೆ ಅಂಟಿಕೊಂಡಿದ್ದ ಎಫ್‌ಎಡಿ. ಸರಿಯಾಗಿ ಮಡಿಚಿಕೊಂಡ ಎಂಜೈಮ್‌ನಲ್ಲಿ ಎಫ್‌ಎಡಿ ಬಹಳ ಒಳಗೆ ಹೂತಿರುತ್ತದೆ, ಎಲೆಕ್ಟ್ರಾನ್ ಅಷ್ಟು ದೂರ ಹಾರಲಾರದು. ಇದನ್ನು ಬಲ್ಲವರು ಆಗಲೇ ಬರೆದಿದ್ದರು. ಜಾರ್ಜ್ ವಿಲ್ಸನ್ 2016ರಲ್ಲೇ ಎಚ್ಚರಿಸಿದ್ದರು. ಸೌತಾಂಪ್ಟನ್‌ನ ಫಿಲಿಪ್ ಬಾರ್ಟ್ಲೆಟ್ ಮತ್ತು ಅವರ ಒಬ್ಬ ಸಹಲೇಖಕರು 2018ರಲ್ಲಿ ಗ್ರಾಫೀನ್ ಮತ್ತು ನ್ಯಾನೋಟ್ಯೂಬ್ ಮೇಲಿನ ಪ್ರಬಂಧಗಳನ್ನು ಜಾಲಾಡಿ, ಇದಕ್ಕೆ ಪುರಾವೆಯೇ ಇಲ್ಲ ಅಂತ ಖಚಿತವಾಗಿ ಹೇಳಿದ್ದರು. ನಾನು ಪೀಕ್ ಬಂತು ಅಂದವರನ್ನಷ್ಟೇ ಓದಿದ್ದೆ. ಆ ರಾತ್ರಿ ಊಟ ಸೇರಲಿಲ್ಲ. ಅಪ್ಪನಿಗೆ ನಾಲ್ಕು ದಿನ ಫೋನ್ ಮಾಡಲಿಲ್ಲ.

ಹಾಗಾಗಿ ಕೇಳಿಕೊಳ್ಳುತ್ತೇನೆ. ಮೈನಸ್ 0.45ರಲ್ಲಿ ಪೀಕ್ ಕಂಡ ದಿನ ಸಿಹಿ ಹಂಚುವ ಮೊದಲು ಮೂರು ಪರೀಕ್ಷೆ ಮಾಡಿ: ನೈಟ್ರೋಜನ್‌ನಲ್ಲಿ ಗ್ಲೂಕೋಸ್, ಕುದಿಸಿದ ಎಂಜೈಮ್, ಬರೀ ಎಫ್‌ಎಡಿ. ಒಂದೇ ದಿನದ ಕೆಲಸ.

ಗೈಡ್ ಬೈಯಲಿಲ್ಲ. ‘ಹಾಸು ಚೆನ್ನಾಗಿದೆ, ಎಂಜೈಮ್ ಕೂತಿದೆ, ಬದುಕಿದೆ. ಎಲೆಕ್ಟ್ರಾನ್ ಸಾಗಿಸೋಕೆ ಒಬ್ಬ ಮಧ್ಯವರ್ತಿ ಕೊಡು’ ಅಂದರು. ಮಧ್ಯವರ್ತಿ ಅಂದರೆ ಮೀಡಿಯೇಟರ್. 1984ರಲ್ಲಿ ಇಂಗ್ಲೆಂಡಿನಲ್ಲಿ ಫೆರೋಸೀನ್ ಬಳಸಿ ಮಾಡಿದ ಗ್ಲೂಕೋಸ್ ಎಲೆಕ್ಟ್ರೋಡ್‌ನಿಂದಲೇ ಪೆನ್ನಿನಂಥ ಮೊದಲ ಗ್ಲೂಕೋಸ್ ಮೀಟರ್ ಬಂದದ್ದು. ನಾನು ಫೆರೋಸೀನ್ ಮೆಥನಾಲ್ ತೆಗೆದುಕೊಂಡೆ. ಅದು ಎಂಜೈಮಿನ ಒಳಗಿಂದ ಎಲೆಕ್ಟ್ರಾನ್ ಹೊತ್ತು ಹೊರಬಂದು ಗ್ರಾಫೀನ್‌ಗೆ ಕೊಡುತ್ತದೆ. 0.3 ವೋಲ್ಟ್ ಇಟ್ಟರೆ ಸಾಕು. ಆಗಸ್ಟ್ 14ರಂದು ನೈಟ್ರೋಜನ್‌ನಲ್ಲೇ ಗ್ಲೂಕೋಸ್ ಹಾಕಿದೆ. ಕರೆಂಟ್ ಮೆಟ್ಟಿಲು ಹತ್ತಿತು. ಮತ್ತೆ ಹಾಕಿದೆ, ಮತ್ತೊಂದು ಮೆಟ್ಟಿಲು. ಕುದಿಸಿದ ಎಂಜೈಮ್ ಇಟ್ಟು ನೋಡಿದೆ, ಮೆಟ್ಟಿಲಿಲ್ಲ. ಆಗ ಮಾತ್ರ ಅಪ್ಪನಿಗೆ ಫೋನ್ ಮಾಡಿದೆ.

ಆದರೂ ಅಳತೆ ದಿನದಿಂದ ದಿನಕ್ಕೆ ಬದಲಾಗುತ್ತಿತ್ತು. ಬೆಳಿಗ್ಗೆ ಕದಡಿದ ಗ್ಲೂಕೋಸ್‌ಗೆ ಒಂದು ಉತ್ತರ, ಅದೇ ದ್ರಾವಣಕ್ಕೆ ಸಂಜೆ ಇನ್ನೊಂದು. ವಾರ ಹುಡುಕಿದ ಮೇಲೆ ಕಾರಣ ಸಿಕ್ಕಿತು. ಗ್ಲೂಕೋಸ್‌ಗೆ ಆಲ್ಫಾ, ಬೀಟಾ ಅಂತ ಎರಡು ರೂಪ. ಈ ಎಂಜೈಮ್ ತಿನ್ನುವುದು ಬೀಟಾವನ್ನು. ಪುಡಿಯಲ್ಲಿ ಇರುವುದು ಬಹುತೇಕ ಆಲ್ಫಾ. ನೀರಿಗೆ ಹಾಕಿದ ಮೇಲೆ ಅದು ನಿಧಾನವಾಗಿ ತಿರುಗಿ, ಕೊನೆಗೆ ಬೀಟಾ ಸುಮಾರು ಶೇಕಡಾ 64ಕ್ಕೆ ನಿಲ್ಲುತ್ತದೆ. ಗ್ಲೂಕೋಸ್ ದ್ರಾವಣವನ್ನು ಹಿಂದಿನ ರಾತ್ರಿಯೇ ಮಾಡಿಡಿ.

ವಿಟಮಿನ್ ಸಿ ಇನ್ನೊಂದು ಕಾಟ. ಅದೂ ಇದೇ ವೋಲ್ಟೇಜ್‌ನಲ್ಲಿ ಎಲೆಕ್ಟ್ರಾನ್ ಕೊಟ್ಟು ಗ್ಲೂಕೋಸ್ ಹಾಗೆ ನಟಿಸುತ್ತದೆ. ಮೇಲೆ ತೆಳುವಾಗಿ ನಾಫಿಯಾನ್ ಅನ್ನುವ ಋಣ ಚಾರ್ಜಿನ ಪಾಲಿಮರ್ ಹಚ್ಚಿದರೆ ಬಹಳಷ್ಟು ತಡೆಯಬಹುದು. ಆದರೆ ನಾಫಿಯಾನ್ ಬಾಟಲಿಯಲ್ಲಿ ತುಂಬಾ ಹುಳಿಯಾಗಿರುತ್ತದೆ. ಪಿಎಚ್ ಸರಿಮಾಡದೆ ಹಚ್ಚಿ ನಾಲ್ಕು ಒಳ್ಳೆಯ ಎಲೆಕ್ಟ್ರೋಡ್ ಪದರ ಕೊಂದೆ.

ಕೊನೆಗೆ ನನ್ನ ಎಲೆಕ್ಟ್ರೋಡ್ 12 ಮಿಲಿಮೋಲಾರ್ ತನಕ ನೇರ ಗೆರೆ ಕೊಟ್ಟಿತು. ಅಪ್ಪನ ಮೀಟರಿನ ಭಾಷೆಯಲ್ಲಿ ಸುಮಾರು 216. ಒಂದು ಮಿಲಿಮೋಲಾರ್ ಅಂದರೆ ಡೆಸಿಲೀಟರ್‌ಗೆ 18 ಮಿಲಿಗ್ರಾಂ ಅಂತ ಲೆಕ್ಕ ಹಾಕಿಕೊಳ್ಳಿ. ಊಟದ ನಂತರ ಅಪ್ಪನದು ಕೆಲವೊಮ್ಮೆ 240 ದಾಟುತ್ತದೆ, ಅಲ್ಲಿಗೆ ಇದು ಇನ್ನೂ ಮುಟ್ಟಿಲ್ಲ. ಅಪ್ಪನ ರಕ್ತದಲ್ಲೇ ನೋಡಬೇಕು ಅಂತ ಆಸೆ ಇತ್ತು, ಅವರೂ ‘ಎಷ್ಟು ಬೇಕೋ ತಗೋ’ ಅಂದಿದ್ದರು. ಗೈಡ್ ಒಪ್ಪಲಿಲ್ಲ. ಮನೆಯವರದ್ದಾದರೂ ಮನುಷ್ಯರ ರಕ್ತಕ್ಕೆ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಬೇಕು. ಯೋಜನೆಯ ವಿವರ, ಕನ್ನಡದಲ್ಲಿ ಒಪ್ಪಿಗೆ ಪತ್ರ, ಗೈಡ್ ಸಹಿ ಎಲ್ಲ ಸೇರಿಸಿ ಸಲ್ಲಿಸಬೇಕು. ನಮ್ಮಲ್ಲಿ ಸಮಿತಿ ಸೇರುವುದು ಮೂರು ತಿಂಗಳಿಗೊಮ್ಮೆ. ನಿಮಗೆ ರಕ್ತ ಬೇಕಾಗುತ್ತದೆ ಅನಿಸಿದರೆ ಮೊದಲ ತಿಂಗಳೇ ಅರ್ಜಿ ಹಾಕಿ. ನನ್ನ ಅರ್ಜಿ ಈಗ ಮುಂದಿನ ಸಭೆಗೆ ಹೋಗಿದೆ. ಒಪ್ಪಿಗೆ ಪತ್ರದ ಕನ್ನಡ ಕರಡನ್ನು ಅಪ್ಪನೇ ಓದಿ, ಎರಡು ಕಡೆ ಅರ್ಥವಾಗಲಿಲ್ಲ ಅಂತ ಪೆನ್ಸಿಲ್‌ನಲ್ಲಿ ಗೆರೆ ಹಾಕಿ ಕಳಿಸಿದ್ದಾರೆ.

ಉಳಿದ ಡಿಸ್ಪರ್ಷನ್ ಬಾಟಲಿ ಫ್ರಿಜ್ಜಿನ ಎರಡನೇ ತಟ್ಟೆಯಲ್ಲಿ, 4 ಡಿಗ್ರಿಯಲ್ಲಿ ಇದೆ. ಎರಡು ತಿಂಗಳಾದರೂ ತಳ ಕಟ್ಟಿಲ್ಲ. ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗ ಸೋಮವಾರದಿಂದ ಅದನ್ನು ಬಳಸುತ್ತಾನೆ. ಕುಲುಕಬೇಡ, ಮೆಲ್ಲಗೆ ತಲೆಕೆಳಗೆ ಮಾಡಿ ಬೆರೆಸು ಅಂತ ಲೇಬಲ್ ಮೇಲೆ ಬರೆದಿದ್ದೇನೆ.